‘ವೈದ್ಯನ ಮಗಳು’ ಕಥೆಯನ್ನು ಕೇಳಿದವರು

ಪುಸ್ತಕವನ್ನು ತಾವೇ ಓದುವವರಿಗಿಂತ ಮತ್ತೊಬ್ಬರಿಂದ ಓದಿಸಿ ಕೇಳುವವರೇ ಹೆಚ್ಚಾಗಿದ್ದ ಕಾಲವೊಂದು ಕನ್ನಡ ನಾಡಿನಲ್ಲಿ ಇದ್ದಿತು. ಶ್ರಾವಣ ಮಾಸ ಬಂದಿತೆಂದರೆ ಗುಡಿಯಲ್ಲಿಯೋ ದೊಡ್ಡ ಮನೆಯ ಪಡಸಾಲೆಯಲ್ಲಿಯೋ ಒಬ್ಬರು ಜೈಮಿನಿ ಭಾರತವನ್ನು ವಾಚಿಸುವರು. ಮತ್ತೊಬ್ಬರು ಅರ್ಥ ಹೇಳುವರು. ಕೇಳುವವರು ನಡುನಡುವೆ ತಲೆದೂಗುವರು, ಕಣ್ಣೊರಸಿಕೊಳ್ಳುವರು, ಸಂಶಯ ಬಂದಲ್ಲಿ ತಡೆದು ಪ್ರಶ್ನೆ ಮಾಡುವರು. ಕಾದಂಬರಿಯೆಂಬ ಹೊಸ ಬಗೆಯ ಬರವಣಿಗೆ ಬಂದಾಗಲೂ ಈ ಪದ್ಧತಿ ಒಮ್ಮೆಲೇ ಅಳಿಯಲಿಲ್ಲ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು 1885ರಲ್ಲಿ ಕನ್ನಡಕ್ಕೆ ತಂದರು, ಗಳಗನಾಥರು ತಮ್ಮ ಐತಿಹಾಸಿಕ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಹಾಗೆ ಮನೆ ಸೇರಿದ ಒಂದು ಪುಸ್ತಕವನ್ನು ಒಬ್ಬರು ಓದಿದರೆ ಹತ್ತು ಜನರು ಕೇಳುತ್ತಿದ್ದರು. ಕೇಳಿದ ಹತ್ತು ಜನರಿಗೂ ಹತ್ತು ಅಭಿಪ್ರಾಯಗಳಿರುತ್ತಿದ್ದವು. ಅವು ಅಚ್ಚಾಗಲಿಲ್ಲವಾದುದರಿಂದ ಇಲ್ಲದೆ ಹೋದವೆಂದು ತಿಳಿಯಬಾರದು.

ಕಾನಹೊಸಹಳ್ಳಿಯ ಒಂದು ಮನೆಯಲ್ಲಿ ಈ ಪದ್ಧತಿ ತೀರ ಈಚಿನವರೆಗೂ ಉಳಿದುಕೊಂಡು ಬಂದಿದೆ. ಕೂಡ್ಲಿಗಿಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರಿನಲ್ಲಿ ರಾತ್ರಿಯಿಡೀ ಲಾರಿಗಳ ಸದ್ದು ನಿಲ್ಲುವುದಿಲ್ಲ. ಆ ಸದ್ದಿಗೆ ಬೆನ್ನುಮಾಡಿ ಒಳಕೇರಿಯಲ್ಲಿ ನಿಂತಿರುವ ಆ ಹಳೆಯ ಮನೆಯ ಯಜಮಾನರು ಬಹುಕಾಲ ಪ್ರೌಢಶಾಲೆಯಲ್ಲಿ ಚರಿತ್ರೆಯನ್ನು ಬೋಧಿಸಿ ನಿವೃತ್ತರಾದವರು. ಊರಿಗೆಲ್ಲ ಅವರು ‘ಮೇಷ್ಟ್ರು’. ಅವರ ಅಕ್ಕನವರಿಗೆ ಎಂಬತ್ತು ದಾಟಿದೆ. ಮಗ ಸೊಸೆಯರು, ಬಿ.ಎಡ್. ಓದುತ್ತಿದ್ದ ಮೊಮ್ಮಗಳು, ಇಷ್ಟು ಜನರ ಸಂಸಾರ. ಪ್ರತಿ ಶ್ರಾವಣದಲ್ಲಿಯೂ ರಾತ್ರಿಯ ಊಟಕ್ಕೆ ಮುಂಚೆ ಮೇಷ್ಟ್ರು ಪಡಸಾಲೆಯಲ್ಲಿ ಕುಳಿತು ಯಾವುದಾದರೊಂದು ಗ್ರಂಥವನ್ನು ಹೇಳುವರು. ನೆರೆಹೊರೆಯ ಮೂರು ನಾಲ್ಕು ಮಂದಿ ಬಂದು ಸೇರುವರು.

ಕೆಲವು ವರ್ಷಗಳ ಹಿಂದಿನ ಶ್ರಾವಣದಲ್ಲಿ ಅವರು ಆರಿಸಿಕೊಂಡುದು ಇಂಗ್ಲಿಷಿನ ಒಂದು ಐತಿಹಾಸಿಕ ಕಥೆ. ಸರ್ ವಾಲ್ಟರ್ ಸ್ಕಾಟನ ‘ದಿ ಸರ್ಜನ್ಸ್ ಡಾಟರ್’. ಮೇಷ್ಟ್ರು ಅದಕ್ಕೆ ‘ವೈದ್ಯನ ಮಗಳು’ ಎಂದು ಹೆಸರಿಟ್ಟರು. ಸ್ಕಾಟನು (1771–1832) ಐತಿಹಾಸಿಕ ಕಾದಂಬರಿಗೆ ಯೂರೋಪಿನಲ್ಲೆಲ್ಲ ದಾರಿ ಹಾಕಿಕೊಟ್ಟವನು. 1814ರಲ್ಲಿ ‘ವೇವರ್ಲಿ’ಯನ್ನು ಹೆಸರಿಲ್ಲದೆ ಪ್ರಕಟಿಸಿದನು, ಮುಂದೆ ಹದಿಮೂರು ವರ್ಷಗಳವರೆಗೆ ‘ವೇವರ್ಲಿಯ ಗ್ರಂಥಕರ್ತ’ ಎಂಬುದೊಂದೇ ಅವನ ಕಾದಂಬರಿಗಳ ಗುರುತಾಗಿತ್ತು. ಪುಸ್ತಕದೊಳಗೊಂದು ರಹಸ್ಯ, ಪುಸ್ತಕವನ್ನು ಬರೆದವನೇ ಮತ್ತೊಂದು ರಹಸ್ಯ. 1826ರಲ್ಲಿ ಅವನು ಪಾಲುಗೊಂಡಿದ್ದ ವ್ಯವಹಾರ ಮುರಿದುಬಿದ್ದು ದೊಡ್ಡ ಸಾಲ ತಲೆಯ ಮೇಲೆ ಬಂದಿತು. ಮರುವರ್ಷ ಫೆಬ್ರವರಿಯಲ್ಲಿ ಎಡಿನ್‌ಬರೋದ ಒಂದು ಔತಣದಲ್ಲಿ ಅವನು ಬಹಿರಂಗವಾಗಿ ತಾನೇ ಆ ಗ್ರಂಥಕರ್ತನೆಂದು ಒಪ್ಪಿಕೊಂಡನು. ಆ ವರ್ಷವೇ ಹೊರಬಂದ ಕಥೆಯಿದು. ಇದರ ಕೊನೆಯ ಭಾಗವೆಲ್ಲ ನಡೆಯುವುದು ಮದರಾಸು, ಮೈಸೂರು ಸೀಮೆ, ಬೆಂಗಳೂರುಗಳಲ್ಲಿ. ಹೈದರಾಲಿಯೂ ಟೀಪುವೂ ಇದರಲ್ಲಿ ಪಾತ್ರಗಳು. ಸ್ಕಾಟನಾದರೋ ಹಿಂದೂಸ್ಥಾನವನ್ನು ಕಣ್ಣಿನಿಂದ ಕಂಡವನಲ್ಲ. ಕರ್ನಲ್ ಜೇಮ್ಸ್ ಫರ್ಗುಸನ್ ಎಂಬ ಸ್ನೇಹಿತನು ಒದಗಿಸಿದ ವಿವರಗಳೇ ಅವನಿಗೆ ಆಧಾರ.

ಮೊದಲನೆಯ ಸಂಜೆ ಇಷ್ಟನ್ನು ಹೇಳಿ ಮೇಷ್ಟ್ರು ಎರಡು ಎಚ್ಚರಿಕೆಗಳನ್ನು ಕೊಟ್ಟರು. ಇದು ಕಲ್ಪಿತ ಕಥೆ; ಇದರಲ್ಲಿ ಹೈದರನ ಮೇಲೆ, ಟೀಪುವಿನ ಮೇಲೆ ಹೊರಿಸಿರುವ ಪ್ರಸಂಗಗಳನ್ನು ಚರಿತ್ರೆಯೆಂದು ನಂಬಬಾರದೆಂಬುದು ಒಂದು. ರಹಸ್ಯ ಬಯಲಾಗುವವರೆಗೆ ಕೊನೆಯನ್ನು ಯಾರೂ ಕೇಳಬಾರದೆಂಬುದು ಮತ್ತೊಂದು. ಐತಿಹಾಸಿಕ ಕಥೆಗೆ ಗೂಢವನ್ನು ಬೆರೆಸುವುದು ಪಶ್ಚಿಮದವರ ಸೊತ್ತೆಂದು ಯಾರಾದರೂ ತಿಳಿದಾರೆಂದು, ಕೆಂಪುನಾರಾಯಣನು ಮೈಸೂರಿನಲ್ಲಿ ‘ಮುದ್ರಾಮಂಜೂಷ’ವನ್ನು ಬರೆದುದು 1823ರಲ್ಲಿ, ಸ್ಕಾಟನ ಈ ಕಥೆಗಿಂತ ನಾಲ್ಕು ವರ್ಷ ಮುಂಚೆ, ಎಂಬುದನ್ನೂ ಸೇರಿಸಿದರು.

ಕಥೆ ಐದು ಸಂಜೆ ನಡೆಯಿತು. ಸ್ಕಾಟ್ಲೆಂಡಿನ ಒಂದು ಸಣ್ಣ ಊರು. ಅಲ್ಲಿ ಗಿಡಿಯನ್ ಗ್ರೇ ಎಂಬ ಬಡ ವೈದ್ಯ. ಒಂದು ರಾತ್ರಿ ಮುಖಕ್ಕೆ ಮುಸುಕು ಹಾಕಿಕೊಂಡ ತುಂಬು ಗರ್ಭಿಣಿಯೊಬ್ಬಳನ್ನು ಯಾರೋ ದೊಡ್ಡ ಮನುಷ್ಯನು ಅವನಲ್ಲಿಗೆ ಕರೆತರುತ್ತಾನೆ. ಗಂಡು ಮಗು ಹುಟ್ಟುತ್ತದೆ. ಕರೆತಂದವನು ಹೊರಟುಹೋಗುತ್ತಾನೆ, ತಾಯಿಯನ್ನು ಅವಳ ತಂದೆ ಬಂದು ಬಲವಂತದಿಂದ ಒಯ್ಯುತ್ತಾನೆ, ಮಗು ವೈದ್ಯನ ಪಾಲಿಗೆ ಉಳಿಯುತ್ತದೆ. ಅದೇ ರಿಚರ್ಡ್ ಮಿಡ್ಲ್‌ಮಾಸ್. ವೈದ್ಯನಿಗೆ ಮೆನಿ ಎಂಬ ಒಬ್ಬಳೇ ಮಗಳು. ಆಡಂ ಹಾರ್ಟ್‌ಲಿ ಎಂಬ ಇನ್ನೊಬ್ಬ ಶಿಷ್ಯ. ಇಬ್ಬರು ತರುಣರೂ ಮೆನಿಯನ್ನು ಬಯಸಿದರು. ಅವಳ ಮನಸ್ಸು ರಿಚರ್ಡನ ಕಡೆಗಿತ್ತು. ಅವನು ಐಶ್ವರ್ಯದ ಆಸೆಯಿಂದ ಹಿಂದೂಸ್ಥಾನಕ್ಕೆ ಹೊರಟನು. ಮದರಾಸಿನಲ್ಲಿ ತನ್ನ ಮೇಲಧಿಕಾರಿಯನ್ನೇ ದ್ವಂದ್ವಯುದ್ಧದಲ್ಲಿ ಕೊಂದು ಮೈಸೂರಿನವರ ಆಶ್ರಯಕ್ಕೆ ಓಡಿದನು. ಇತ್ತ ತಂದೆಯನ್ನು ಕಳೆದುಕೊಂಡ ಮೆನಿಯನ್ನು ಮದುವೆಯ ಆಸೆ ತೋರಿಸಿ, ಹಡಗಿನಲ್ಲಿ ಅಷ್ಟು ದೂರ ಕರೆಯಿಸಿಕೊಂಡನು. ಅವನ ಉದ್ದೇಶ ಮದುವೆಯಲ್ಲ. ಅವಳನ್ನು ಟೀಪುವಿಗೆ ಒಪ್ಪಿಸಿ ಬೆಂಗಳೂರಿನ ಅಧಿಕಾರವನ್ನು ಪಡೆದು, ಆಮೇಲೆ ಊರನ್ನು ಇಂಗ್ಲಿಷರಿಗೆ ಹಿಡಿದುಕೊಡಬೇಕೆಂಬ ಎರಡು ಬಗೆಯ ದ್ರೋಹ.

ನಾಲ್ಕನೆಯ ಸಂಜೆಯ ಕೊನೆಗೆ, ವೈದ್ಯನಾಗಿ ಅದೇ ಸೀಮೆಗೆ ಬಂದಿದ್ದ ಹಾರ್ಟ್‌ಲಿಯು, ತಾನು ಹಿಂದೊಮ್ಮೆ ಗುಣಪಡಿಸಿದ್ದ ಒಬ್ಬ ಫಕೀರನ ಸಹಾಯದಿಂದ ಮೆನಿಯನ್ನು ಬಿಡಿಸಲು ಹೊರಟಲ್ಲಿಗೆ ಮೇಷ್ಟ್ರು ನಿಲ್ಲಿಸಿದರು. ಕಥೆಯಲ್ಲಿ ಇನ್ನೊಬ್ಬ ಮುದಿ ಫಕೀರನೂ ಆಗಾಗ ಕಾಣಿಸಿಕೊಂಡಿದ್ದನು. ಅವನು ಯಾರಿರಬಹುದೆಂದು ಆ ರಾತ್ರಿ ಊಟದ ಮನೆಯಲ್ಲಿ ಚರ್ಚೆಯೋ ಚರ್ಚೆ. ಮರುದಿನ ಬೆಂಗಳೂರಿನ ತೋಟದ ದರ್ಬಾರಿನಲ್ಲಿ ಆ ಮುದಿ ಫಕೀರನು ತನ್ನ ತೇಪೆಯ ಉಡುಪನ್ನು ಕಳಚಿ ಹೈದರಾಲಿಯಾಗಿ ನಿಂತನು. ಮೆನಿಗೆ ಬಿಡುಗಡೆಯಾಯಿತು. ರಿಚರ್ಡನು ಬಯಸಿದ್ದ ಪದವಿಯನ್ನು ಮೊದಲು ಅವನಿಗೆ ಕೊಡಿಸಿ, ಮರುಕ್ಷಣವೇ ಅವನನ್ನು ಆನೆಯ ಕಾಲಿಗೆ ಹಾಕಿಸಿದುದಾಯಿತು. ಹಾರ್ಟ್‌ಲಿಯಾದರೂ ಮೆನಿಯನ್ನು ಮದುವೆಯಾದನೇ? ಇಲ್ಲ. ಎರಡು ವರ್ಷಗಳ ಮೇಲೆ ಸಾಂಕ್ರಾಮಿಕ ರೋಗಿಗಳ ಶುಶ್ರೂಷೆಯಲ್ಲಿ ತಾನೇ ರೋಗ ತಗಲಿ ತೀರಿಕೊಂಡನು. ಮೆನಿ ತನ್ನೂರಿಗೆ ಹಿಂದಿರುಗಿ ಕನ್ಯೆಯಾಗಿಯೇ ಉಳಿದಳು.

ಕಥೆ ಮುಗಿಯಿತು, ಅಭಿಪ್ರಾಯಗಳು ಹೊರಟವು.

ಎಲ್ಲರಿಗಿಂತ ಮೊದಲು ಬಾಯಿ ತೆರೆದವರು ಗುಡೇಕೋಟೆಯಿಂದ ಬಂದಿದ್ದ ನೆಂಟರು. “ಮೇಷ್ಟ್ರೇ, ಹೈದರನು ಧರ್ಮರಾಯನಂತೆ ನ್ಯಾಯ ಹೇಳಿದನೆಂದು ಬರೆದವನು ಒಂದು ಸಲ ಚಿತ್ರದುರ್ಗದ ಕೋಟೆಯನ್ನು ಹತ್ತಿ ನೋಡಬೇಕಾಗಿತ್ತು” ಎಂದರು. 1779ರಲ್ಲಿ ಹೈದರನು ದುರ್ಗವನ್ನು ತೆಗೆದುಕೊಂಡುದೂ ಮದಕರಿ ನಾಯಕನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದುದೂ ಆ ಸೀಮೆಯ ಮಕ್ಕಳಿಗೂ ಗೊತ್ತು. ಒನಕೆ ಓಬವ್ವನ ತವರು ಗುಡೇಕೋಟೆಯೆಂದು ಆ ಕಡೆಯ ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅಂಥ ಊರಿನವರು ಹೈದರನನ್ನು ಕಥೆಯ ಕೊನೆಯಲ್ಲಿ ಬರುವ ದೇವರಂತೆ ಕಾಣುವುದೆಂತು? ಮೇಷ್ಟ್ರು ಅದನ್ನು ಅಲ್ಲಗಳೆಯಲಿಲ್ಲ. “ಒಬ್ಬ ದೊರೆ ಕೋಟೆಯ ಒಳಗಿನವರಿಗೆ ಒಂದು ಬಗೆ, ಹೊರಗಿನವರಿಗೆ ಒಂದು ಬಗೆ. ಸ್ಕಾಟನಿಗೆ ಬೇಕಾಗಿದ್ದವನು ವೇಷ ಮರೆಸಿಕೊಂಡು ತಿರುಗುವ ದೊರೆ. ‘ಐವನ್‌ಹೋ’ ಕಾದಂಬರಿಯಲ್ಲಿಯೂ ಇಂಗ್ಲೆಂಡಿನ ರಿಚರ್ಡ್ ದೊರೆಯನ್ನು ಕಪ್ಪು ಕವಚದ ಸವಾರನನ್ನಾಗಿ ಮಾಡಿದ್ದಾನೆ. ವಿಕ್ರಮಾದಿತ್ಯನ ಕಥೆ ಕೇಳಿದ ನಮಗೆ ಇದು ಹೊಸದೇನು?” ಎಂದರು.

ಕೂಡ್ಲಿಗಿಯ ಕಾಲೇಜಿನಲ್ಲಿ ಪಾಠ ಹೇಳುವ ತರುಣರೊಬ್ಬರಿಗೆ ಆ ಆನೆಯ ವಿಷಯ ಹಿಡಿಸಲಿಲ್ಲ. ಪೂರ್ವದೇಶವೆಂದರೆ ಆನೆ, ಜನಾನಾ, ದೊರೆಯ ಒಂದು ಸನ್ನೆಗೆ ಉರುಳುವ ತಲೆ, ಇಷ್ಟೇ ಎಂದು ಪಶ್ಚಿಮದ ಓದುಗರಿಗೆ ತೋರಿಸಿಕೊಡುವ ಇಂಥ ಕಥೆಗಳು ರಾಜ್ಯ ಕಟ್ಟುವವರಿಗೆ ಒಳ್ಳೆಯ ಒತ್ತಾಸೆಯಾದುವೆಂದು ಅವರ ವಾದ. ಆ ವಾದದಲ್ಲಿ ಹುರುಳಿತ್ತು. ಸ್ಕಾಟನೇ ಕಥೆಯ ಪೀಠಿಕೆಯಲ್ಲಿ ತನ್ನನ್ನು ತಾನು ಹಾಸ್ಯಮಾಡಿಕೊಂಡಿದ್ದಾನೆ: ಕಥೆ ಹೇಳುವ ಮುದುಕನು ತನಗೆ ಹಿಂದೂಸ್ಥಾನದ ಸಂಗತಿ ಏನೂ ತಿಳಿಯದೆಂದರೆ, ಅವನ ಸ್ನೇಹಿತನು ತಿಳಿಯದಿದ್ದರೆ ಇನ್ನೂ ಚೆನ್ನಾಗಿ ಬರೆಯಬಹುದೆಂದು ಧೈರ್ಯ ಹೇಳುತ್ತಾನೆ. ಆದರೆ ಮೇಷ್ಟ್ರು ಇನ್ನೊಂದನ್ನೂ ನೆನಪಿಸಿದರು. ಕಥೆಯ ದ್ರೋಹಿ ಮೈಸೂರಿನವನಲ್ಲ, ಮೆನಿಯ ಮನೆಯಲ್ಲಿಯೇ ಅನ್ನ ತಿಂದು ಬೆಳೆದವನು.

ಸರಕಾರಿ ಆಸ್ಪತ್ರೆಯಿಂದ ನಿವೃತ್ತರಾಗಿದ್ದ ನೆರೆಮನೆಯ ವೈದ್ಯರಿಗೆ ಹಾರ್ಟ್‌ಲಿಯ ಮೇಲೆ ಪ್ರೀತಿ. ಯಾವ ಲಾಭವನ್ನೂ ಎಣಿಸದೆ ಒಬ್ಬ ಫಕೀರನಿಗೆ ಮಾಡಿದ ಚಿಕಿತ್ಸೆ ಕೊನೆಗೆ ಒಂದು ಹೆಣ್ಣಿನ ಮಾನವನ್ನು ಉಳಿಸಿತಲ್ಲ ಎಂದು ಅವರು ಎರಡು ಸಲ ಹೇಳಿದರು. ಅವನ ಸಾವಿನ ವಿಷಯ ಬಂದಾಗ ಮಾತ್ರ ಅವರು ಬಹಳ ಆಡಲಿಲ್ಲ. 2020 ಮತ್ತು 2021ರ ಮಹಾಮಾರಿಯಲ್ಲಿ ಜೊತೆಯಲ್ಲಿ ಓದಿದವರನ್ನು ಕಳೆದುಕೊಂಡಿದ್ದ ಅವರಿಗೆ ಅದನ್ನು ಕಥೆಯೆನ್ನಲು ಮನಸ್ಸಾಗಲಿಲ್ಲವೆಂದು ತೋರುತ್ತದೆ.

ಮೇಷ್ಟ್ರ ಸೊಸೆಗೆ ಬಂದುದು ಸಿಟ್ಟು. “ಅಷ್ಟು ಕಷ್ಟಪಟ್ಟು ಬಿಡಿಸಿಕೊಂಡು ಬಂದವನಿಗೆ ಕೊಟ್ಟು ಮದುವೆ ಮಾಡುವುದಕ್ಕೆ ಇವನಿಗೇನು ಕಷ್ಟವಾಗಿತ್ತು ಮಾವಾ? ಕಾಗದದ ಮೇಲಿನ ಅಕ್ಷತೆ ಕಾಳಿಗೂ ಬಡತನವೆ?” ಎಂದು ಆಕೆ ಕೇಳಿದಾಗ ಎಲ್ಲರೂ ನಕ್ಕರು. ಆದರೆ ಇದು ಸ್ಕಾಟನಿಗೆ ಹೊಸ ದೂರಾಗಿರಲಿಲ್ಲ. ‘ಐವನ್‌ಹೋ’ದ ನಾಯಕನು ಯೆಹೂದಿ ಕನ್ಯೆಯಾದ ರೆಬೆಕ್ಕಳನ್ನು ಬಿಟ್ಟು ರೊವೀನಳ ಕೈಹಿಡಿದನೆಂದು ಆ ಕಾಲದ ಓದುಗರು, ಅದರಲ್ಲಿಯೂ ಹೆಂಗಸರು, ಬಹಳ ನೊಂದುಕೊಂಡರು. ಸ್ಕಾಟನು 1830ರ ಮುನ್ನುಡಿಯಲ್ಲಿ ಅದಕ್ಕೆ ಸಮಾಧಾನ ಬರೆಯಬೇಕಾಯಿತು. ಸದ್ಗುಣಕ್ಕೆ ಇಹದ ಸುಖವೇ ಪ್ರತಿಫಲವೆಂದು ತರುಣರಿಗೆ ಕಲಿಸಬಾರದೆಂಬುದು ಅವನ ಉತ್ತರದ ಸಾರ. ಓದುಗರಿಗೆ ಆ ಸಮಾಧಾನ ಸಾಲಲಿಲ್ಲ. ಥ್ಯಾಕರೆಯು 1850ರಲ್ಲಿ ಆ ಕಥೆಯನ್ನೇ ಹಾಸ್ಯವಾಗಿ ಮುಂದುವರಿಸಿ ಐವನ್‌ಹೋವಿಗೂ ರೆಬೆಕ್ಕಳಿಗೂ ಮದುವೆ ಮಾಡಿಸಿಯೇ ಬಿಟ್ಟನು.

ಆಗ ಮೇಷ್ಟ್ರು ಸ್ಕಾಟನೇ ಬರೆದಿಟ್ಟಿರುವ ಒಂದು ವಿನೋದವನ್ನು ಹೇಳಿದರು. ಮೆನಿಯ ಕಥೆ ಮುಗಿದ ಮೇಲೆ ಪುಸ್ತಕದಲ್ಲಿ ಒಂದು ಉಪಸಂಹಾರವಿದೆ. ಕಥೆ ಹೇಳುವ ಮುದುಕನು ಅದನ್ನು ಎಡಿನ್‌ಬರೋದ ಒಂದು ಮನೆಯಲ್ಲಿ, ಹೆಂಗಸರು ಕೂಡಿದ ಸಭೆಯಲ್ಲಿ ಓದಿಸುತ್ತಾನೆ. ಓದಿ ಮುಗಿದ ಮೇಲೆ ಅವರೇನು ಹೇಳಿಯಾರೆಂದು ಕಾತರದಿಂದ ಕಿವಿಗೊಡುತ್ತಾನೆ. ಮಾತು ಹಿಂದೂಸ್ಥಾನದ ಉಡುಪಿನ ಕಡೆಗೆ ಹೊರಳುತ್ತದೆ. ಅಲ್ಲಿಂದ ಶಾಲುಗಳಿಗೆ ಹೋಗುತ್ತದೆ. ಕೊನೆಗೆ ಸ್ಕಾಟ್ಲೆಂಡಿನ ಪೇಯ್ಸ್ಲಿಯಲ್ಲಿ ನೇಯುವ ನಕಲಿ ಶಾಲಿಗೂ ನಿಜವಾದ ಶಾಲಿಗೂ ಅಂಚಿನ ಹೊಲಿಗೆಯಲ್ಲಿರುವ ಭೇದದ ಮೇಲೆ ನಿಂತುಬಿಡುತ್ತದೆ. ಮೆನಿಯನ್ನು ಯಾರೂ ನೆನೆಯುವುದಿಲ್ಲ.

ಪಡಸಾಲೆಯಲ್ಲಿ ಮತ್ತೊಮ್ಮೆ ನಗೆ ಎದ್ದಿತು. ನಗದೆ ಇದ್ದವರು ಅಕ್ಕನವರೊಬ್ಬರೇ. ಐದು ಸಂಜೆಯೂ ಕಂಬಕ್ಕೆ ಒರಗಿ ಕುಳಿತು ಬತ್ತಿ ಹೊಸೆಯುತ್ತ ಒಂದು ಮಾತನ್ನೂ ಆಡದೆ ಕೇಳಿದ್ದವರು ಈಗ ಕೈಯ ಹತ್ತಿಯನ್ನು ಕೆಳಗಿಟ್ಟರು.

“ತಮ್ಮಾ, ಆ ಹುಡುಗಿ ಹಡಗು ಹತ್ತುವುದಕ್ಕೆ ಮುಂಚೆ, ಅವಳ ಕಡೆಯವರು ಯಾರು ಹೋಗಿ ನೋಡಿಕೊಂಡು ಬಂದರು?”

“ಯಾರೂ ಹೋಗಲಿಲ್ಲ ಅಕ್ಕಾ. ತಂದೆ ತೀರಿಹೋಗಿದ್ದ, ಬೇರೆ ದಿಕ್ಕಿರಲಿಲ್ಲ.”

“ಅವಳ ಮನೆಯಲ್ಲಿ ತಂದೆ ತೀರಿಹೋಗಿದ್ದ. ನಮ್ಮ ಮನೆಯಲ್ಲಿ ಯಾರು ತೀರಿಹೋಗಿದ್ದಾರೆ?”

ನಗೆ ಅಲ್ಲಿಗೆ ನಿಂತಿತು. ಹೊರಗಿನವರಿಗೆ ಅದರ ಅರ್ಥ ತಕ್ಷಣ ಆಗಲಿಲ್ಲ, ಮನೆಯವರಿಗೆ ಆಯಿತು. ಮೊಮ್ಮಗಳಿಗೆ ಜರ್ಮನಿ ದೇಶದಲ್ಲಿ ಕೆಲಸದಲ್ಲಿದ್ದ ಒಬ್ಬ ಇಂಜಿನಿಯರ ವರನನ್ನು ಮೇಷ್ಟ್ರ ಹಳೆಯ ಶಿಷ್ಯರೊಬ್ಬರು ಸೂಚಿಸಿದ್ದರು. ಜಾತಕ ಕೂಡಿತ್ತು, ಫೋನಿನ ಪರದೆಯ ಮೇಲೆ ಎರಡು ಸಲ ಮುಖ ನೋಡಿದ್ದಾಗಿತ್ತು. ವರನಿಗೆ ದೀಪಾವಳಿಗೆ ದೊರೆಯುವ ರಜೆ ಎಂಟು ದಿನದ್ದು. ಆ ಎಂಟು ದಿನಗಳಲ್ಲಿಯೇ ನಿಶ್ಚಯವನ್ನೂ ಮದುವೆಯನ್ನೂ ಮುಗಿಸಿಬಿಡಬೇಕೆಂದು ಮಾತಾಗಿತ್ತು. ಶಿಷ್ಯರ ಮಾತೆಂದರೆ ಮೇಷ್ಟ್ರಿಗೆ ಪ್ರಮಾಣ. ಮೇಷ್ಟ್ರ ಮಾತೆಂದರೆ ಮನೆಗೆ ಪ್ರಮಾಣ.

ಅಕ್ಕನವರ ಪ್ರಶ್ನೆಯ ಹಿಂದೆ ಇನ್ನೊಂದು ಸಂಗತಿಯೂ ಇದ್ದಿತು. ಹದಿನೈದು ತುಂಬುವ ಹೊತ್ತಿಗೆ ಅವರನ್ನು ತುಂಗಭದ್ರೆಯ ಆಚೆಯ ಊರೊಂದಕ್ಕೆ ಕೊಟ್ಟಿದ್ದರು. ಸಂಬಂಧ ತಂದ ಮಧ್ಯಸ್ಥಗಾರನು ವರನ ಹೊಲ ಮನೆಗಳನ್ನು ಹೊಗಳಿದ್ದನೇ ಹೊರತು ಅವನಿಗಿದ್ದ ರೋಗದ ವಿಷಯವನ್ನು ಹೇಳಿರಲಿಲ್ಲ. ಹೋಗಿ ವಿಚಾರಿಸಿದವರು ಯಾರೂ ಇಲ್ಲ. ನಾಲ್ಕು ವರ್ಷಗಳೊಳಗಾಗಿ ಅವರು ಬರಿಗೈಯಲ್ಲಿ ತವರಿಗೆ ಹಿಂದಿರುಗಿದರು. ಆಗ ಮೇಷ್ಟ್ರಿಗೆ ಹನ್ನೆರಡು ವರ್ಷ. ಅಕ್ಕ ಗಾಡಿಯಿಂದ ಇಳಿದುದನ್ನೂ, ಅಂಗಳದಲ್ಲಿ ನಿಂತಿದ್ದವರು ಯಾರೂ ಮುಂದೆ ಬಂದು ಕೈಹಿಡಿಯದಿದ್ದುದನ್ನೂ ಅವರು ಕಂಡಿದ್ದರು. ಆಮೇಲೆ ಆ ಮನೆಯಲ್ಲಿ ಯಾರೂ ಆ ಮಾತನ್ನು ಎತ್ತಿರಲಿಲ್ಲ. ನೂರಾರು ಮಕ್ಕಳಿಗೆ ಪಾಣಿಪತ್ತಿನ ಯುದ್ಧಗಳ ಕಾರಣಗಳನ್ನೂ ಪರಿಣಾಮಗಳನ್ನೂ ಹೇಳಿಕೊಟ್ಟ ಮೇಷ್ಟ್ರು ಅಕ್ಕನ ಬಾಳಿಗೆ ಕಾರಣ ಯಾರೆಂದು ತಮ್ಮನ್ನು ತಾವೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ‘ವೈದ್ಯನ ಮಗಳು’ ಕಥೆಯ ರಹಸ್ಯವೆಂದರೆ ಮುದಿ ಫಕೀರನು ಯಾರೆಂಬುದೇ ಎಂದು ಅವರು ಐದು ಸಂಜೆ ನಂಬಿಸಿದ್ದರು. ಅಕ್ಕನವರಿಗೆ ಫಕೀರನ ಗೊಡವೆ ಇರಲಿಲ್ಲ. ಮೆನಿಯನ್ನು ಕರೆಯಿಸಿಕೊಂಡವನನ್ನು ಯಾರೂ ವಿಚಾರಿಸದೆ ಹೋದುದೇಕೆ, ಅವರು ಕಾದುದು ಅದಕ್ಕೆ ಉತ್ತರವನ್ನು.

ಸ್ವಲ್ಪ ಹೊತ್ತಿನ ಮೇಲೆ ಮೊಮ್ಮಗಳು ಬಾಗಿಲ ಬಳಿಯಿಂದಲೇ ಹೇಳಿದಳು: “ತಾತಾ, ಯಾರಾದರೂ ಹೋಗಿ ನೋಡಿಕೊಂಡು ಬರಲಿ ಎಂದು ನಾನು ಕೇಳುವುದಿಲ್ಲ. ಅವರೇ ಇಲ್ಲಿಗೆ ಬರಲಿ. ನಾನೇ ಕುಳಿತು ಕೇಳಬೇಕಾದುದಿದೆ. ಕೇಳಿದ ಮೇಲೆ ದಿನ ಗೊತ್ತುಮಾಡಿ.” ಮೇಷ್ಟ್ರು ಕನ್ನಡಕವನ್ನು ತೆಗೆದು ಒರಸಿಕೊಂಡರು. “ಇಷ್ಟು ದಿನ ಏಕೆ ಹೇಳಲಿಲ್ಲಮ್ಮಾ?” ಎಂದರು. “ಯಾರೂ ಕೇಳಲಿಲ್ಲ ತಾತಾ” ಎಂದಳು.

ಆ ರಾತ್ರಿಯೇ ಮೇಷ್ಟ್ರು ಶಿಷ್ಯರಿಗೆ ಫೋನು ಮಾಡಿದರು. ಅದು ಸುಲಭವಾದ ಮಾತಾಗಿರಲಿಲ್ಲ; ಕೊಟ್ಟ ಮಾತನ್ನು ತಡೆಹಿಡಿಯುವುದು ಅವರ ಜಾಯಮಾನಕ್ಕೆ ಒಗ್ಗದ ಕೆಲಸ. ಶಿಷ್ಯರು ಒಂದಿಷ್ಟು ನೊಂದುಕೊಂಡರು. ವರನ ತಂದೆತಾಯಿಗಳೂ ಮೊದಲು ಅಪಮಾನವೆಂದೇ ಭಾವಿಸಿದರು. ವರನು ಮಾತ್ರ ಅದನ್ನು ತಪ್ಪು ತಿಳಿಯಲಿಲ್ಲ. ದೀಪಾವಳಿಯ ರಜೆಯಲ್ಲಿ ಕಾನಹೊಸಹಳ್ಳಿಗೆ ಬಂದು, ಅದೇ ಪಡಸಾಲೆಯಲ್ಲಿ ಕುಳಿತು, ಕೇಳಿದುದಕ್ಕೆಲ್ಲ ಉತ್ತರ ಕೊಟ್ಟನು. ತಾನೂ ಎರಡು ಪ್ರಶ್ನೆ ಕೇಳಿದನು. ಇಬ್ಬರೂ ಒಪ್ಪಿ, ಹುಡುಗಿಯ ಓದು ಮುಗಿಯುವವರೆಗೆ ಮದುವೆಯನ್ನು ಮುಂದೆ ಹಾಕಿದರು. ಅವನು ರಿಚರ್ಡ್ ಮಿಡ್ಲ್‌ಮಾಸನಾಗಿರಲಿಲ್ಲ. ಒಳ್ಳೆಯ ಹುಡುಗನೇ ಆಗಿದ್ದನು. ಆದರೂ ಅಕ್ಕನವರು ತಮ್ಮ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಒಳ್ಳೆಯವನೆಂದು ತಿಳಿದುದು ಕೇಳಿದ ಮೇಲೆ ತಾನೆ ಎಂದರು.

ಸ್ಕಾಟನ ಕಥೆಗಳಲ್ಲಿ ಇದು ಉತ್ತಮವಾದುದೆಂದು ವಿಮರ್ಶಕರು ಸಾಮಾನ್ಯವಾಗಿ ಎಣಿಸುವುದಿಲ್ಲ. ಸಾಲದ ಹೊರೆಯ ಕೆಳಗೆ, ಕಾಣದ ನಾಡನ್ನು ಕುರಿತು ಬರೆದ ಕಥೆಯಲ್ಲಿ ದೋಷಗಳಿಗೆ ಕೊರತೆಯಿಲ್ಲ. ಗುಡೇಕೋಟೆಯವರ ಆಕ್ಷೇಪಣೆ ನಿಜ, ತರುಣ ಅಧ್ಯಾಪಕರ ಆಕ್ಷೇಪಣೆಯೂ ನಿಜ. ಮೇಷ್ಟ್ರು ತಮ್ಮ ಪ್ರತಿಯ ಕೊನೆಯ ಹಾಳೆಯಲ್ಲಿ, ಪ್ರತಿ ಪುಸ್ತಕಕ್ಕೂ ಮಾಡುವಂತೆ, ಕೇಳಿದವರ ಅಭಿಪ್ರಾಯಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡರು. ಅಕ್ಕನ ಹೆಸರಿನ ಮುಂದೆ ಅಭಿಪ್ರಾಯವೇನೂ ಬರೆಯದೆ ಆ ದಿನದ ತಾರೀಖನ್ನು ಮಾತ್ರ ಬರೆದರು.

ಮರುವರ್ಷದ ಶ್ರಾವಣ ಸಮೀಪಿಸಿದಾಗ, ಈ ಸಲ ಯಾವ ಪುಸ್ತಕವೆಂದು ಅಕ್ಕನವರೇ ವಿಚಾರಿಸಿದರು. ಕೆಂಪುನಾರಾಯಣನ ‘ಮುದ್ರಾಮಂಜೂಷ’ವನ್ನು ಹೇಳಬೇಕೆಂದಿರುವೆನೆಂದೂ, ಚಾಣಕ್ಯ ರಾಕ್ಷಸರ ತಂತ್ರ ಪ್ರತಿತಂತ್ರಗಳ ಕಥೆಯೆಂದೂ ಮೇಷ್ಟ್ರು ತಿಳಿಸಿದರು.

“ಅದರಲ್ಲಿಯೂ ಹೆಣ್ಣುಮಗಳನ್ನು ಎಲ್ಲಿಗಾದರೂ ಕಳಿಸುತ್ತಾರೇನು?”

ಮೇಷ್ಟ್ರು ಒಂದು ಕ್ಷಣ ಯೋಚಿಸಿದರು. “ಆ ಕಥೆಯಲ್ಲಿ ಒಬ್ಬಳು ವಿಷಕನ್ಯೆ ಬರುತ್ತಾಳೆ ಅಕ್ಕಾ. ಶತ್ರುವನ್ನು ಕೊಲ್ಲುವುದಕ್ಕೆಂದು ಅವಳನ್ನು ಕಳಿಸುತ್ತಾರೆ.”

ಅಕ್ಕನವರು ಹತ್ತಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕಂಬಕ್ಕೆ ಒರಗಿದರು. “ಹಾಗಾದರೆ ಅವಳ ತಾಯಿತಂದೆ ಯಾರೆಂಬುದರಿಂದ ಮೊದಲು ಮಾಡು” ಎಂದರು.